ಬೆಸುಗೆ ಐಸಾಕನಿಗೆ ಒಪ್ಪುವ ಕಡ್ಡಿ

ಶೋನ್‌ಬಾಕ್ ಊರಿನಲ್ಲಿ ಐಸಾಕ್ ವೀಬ್ ಎಂಬ ಹೆಸರಿನವರು ಐದು ಜನ ಇದ್ದರು. ಇದರಲ್ಲಿ ಆ ಐವರ ತಪ್ಪೇನೂ ಇಲ್ಲ. ಮ್ಯಾನಿಟೋಬಾದ ಆ ಬಯಲಿಗೆ ಹಿಂದೆ ಬಂದಿಳಿದ ಮೆನೊನೈಟ್ ಪಂಥದ ಕ್ರೈಸ್ತರು ಗೋಧಿ ಬೀಜವನ್ನು ಮೂಟೆಗಟ್ಟಲೆ ತಂದರು, ಹೆಸರುಗಳನ್ನು ಮಾತ್ರ ಕೈ ಬಿಗಿಹಿಡಿದು ತಂದರು. ಇದ್ದ ಹತ್ತಿಪ್ಪತ್ತು ಹೆಸರುಗಳನ್ನೇ ಮಕ್ಕಳು ಮರಿಮಕ್ಕಳು ಹಂಚಿಕೊಂಡು ಬಾಳಬೇಕಾಯಿತು. ಆದ್ದರಿಂದ ಊರು ಒಬ್ಬೊಬ್ಬ ಐಸಾಕನಿಗೂ ಒಂದೊಂದು ಅಡ್ಡಹೆಸರು ದಯಪಾಲಿಸಿತ್ತು. ಕೋಳಿ ಸಾಕಿದವನು ಕೋಳಿ ಐಸಾಕ್. ಬ್ಯಾಂಕಿನಲ್ಲಿದ್ದವನು ಬ್ಯಾಂಕ್ ಐಸಾಕ್. ಬಾಗಿಲಲ್ಲಿ ತಲೆ ತಗ್ಗಿಸಿ ಬರುವವನು ಉದ್ದ ಐಸಾಕ್. ಎರಡು ಸಲ ಮದುವೆಯಾದವನು ಮರುಮದುವೆ ಐಸಾಕ್. ಐದನೆಯವನು ಚರಂಡಿ ಐಸಾಕ್. ಈ ಕಥೆ ಅವನದು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನು ತನ್ನಪ್ಪನ ಹೊಚ್ಚ ಹೊಸ ಟ್ರಾಕ್ಟರನ್ನು, ಊರಿಗೆ ಊರೇ ಚರ್ಚಿನಿಂದ ಹೊರಗೆ ಬರುವ ಹೊತ್ತಿಗೆ ಸರಿಯಾಗಿ, ರಸ್ತೆ ಬದಿಯ ಚರಂಡಿಗೆ ಇಳಿಸಿದ್ದ. ಆ ಸೀಮೆಯ ನೆಲ ರೊಟ್ಟಿ ತಟ್ಟುವ ಮಣೆಯಷ್ಟು ಸಮ. ಬೀಳಬೇಕೆಂದರೂ ಚರಂಡಿಯೊಂದನ್ನು ಬಿಟ್ಟರೆ ಬೇರೆ ಜಾಗವಿಲ್ಲ. ಇದ್ದ ಒಂದೇ ಜಾಗವನ್ನು ಹುಡುಕಿಕೊಂಡು ಹೋಗಿ ಬಿದ್ದನಲ್ಲ ಎಂದು ಊರು ಅವನನ್ನು ಮರೆಯಲಿಲ್ಲ. ಮುಂದೆ ಅವನು ಮೊಟ್ಟೆ ವಿಂಗಡಿಸುವ ಕೇಂದ್ರದಲ್ಲಿ ಜೀವಮಾನವೆಲ್ಲ ದುಡಿದು ಹೆಚ್ಚುಕಡಿಮೆ ಒಂದು ಮೊಟ್ಟೆಯನ್ನೂ ಒಡೆಯದೆ ನಿವೃತ್ತನಾದ. ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಕೊಟ್ಟ ಬಿರುದನ್ನು ವಾಪಸು ಪಡೆಯುವ ಪದ್ಧತಿ ಶೋನ್‌ಬಾಕಿನಲ್ಲಿ ಇರಲಿಲ್ಲ. ಬಿರುದು ಹೆಂಡತಿಗೂ ಸಲ್ಲುತ್ತಿತ್ತು. ಜುಸ್ತೀನಾ ಮದುವೆಯಾದಂದಿನಿಂದ ಚರಂಡಿ ಐಸಾಕನ ಜುಸ್ತೀನಾ. ಚರ್ಚಿನ ಊಟಕ್ಕೆ ಅವಳು ಒಯ್ಯುವ ಪಾತ್ರೆಯ ತಳದಲ್ಲಿ ಗುರುತಿಗೆಂದು ಯಾರೋ ಬಣ್ಣದಲ್ಲಿ ‘ಚರಂಡಿ’ ಎಂದೇ ಬರೆದಿದ್ದರು. ಅವಳು ಒಂದು ಮಾತೂ ಆಡದೆ ಅದರಲ್ಲೇ ಆಲೂಗಡ್ಡೆ ಒಯ್ಯುತ್ತಿದ್ದಳು.

ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಐಸಾಕ್ ಇಲಿಬೋನು ತರಲು ಏಬ್ ಗೀಸ್‌ಬ್ರೆಕ್ಟನ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋದ. ಬ್ಯಾಂಕ್ ಐಸಾಕ್ ಆಗಲೇ ಅಲ್ಲಿದ್ದ. ಬಾಯಿ ತುಂಬ ಸೂರ್ಯಕಾಂತಿ ಬೀಜ, ಎದುರಿಗೆ ಎರಡು ಸೋಲ್ಡರಿಂಗ್ ಐರನ್ನುಗಳು. ಅವನಪ್ಪನ ಕಾಲದ ರೇಡಿಯೋ ಮಾತು ನಿಲ್ಲಿಸಿತ್ತು. ಯಾವುದೋ ತಂತಿ ಬಿಟ್ಟಿದೆ, ಬೆಸುಗೆ ಹಾಕಬೇಕು ಎಂಬಷ್ಟು ಅವನಿಗೆ ಗೊತ್ತಿತ್ತು. ಯಾವ ಐರನ್ ಕೊಳ್ಳಬೇಕೆಂಬುದು ಗೊತ್ತಿರಲಿಲ್ಲ.

“ಯಾವುದು ಒಳ್ಳೇದು ಏಬ್?”

“ಎರಡೂ ಬಿಸಿ ಆಗತ್ತೆ,” ಎಂದ ಏಬ್. ವ್ಯಾಪಾರದಲ್ಲಿ ಅವನು ಸುಳ್ಳು ಹೇಳುವವನಲ್ಲ.

ಬ್ಯಾಂಕ್ ಐಸಾಕ್ ಹಿಂತಿರುಗಿ ನೋಡಿದ. “ಏನಪ್ಪಾ ಚರಂಡಿ, ಇಲಿ ಹಿಡಿಯೋ ಕೆಲ್ಸಾನಾ ಇವತ್ತು? ಒಳ್ಳೇದು. ಅದಕ್ಕೆ ಗಾಡಿ ಓಡಿಸ್ಬೇಕಾಗಿಲ್ಲ.”

ಇಂಥ ಮಾತು ನಮ್ಮ ಐಸಾಕನಿಗೆ ಹೊಸದಲ್ಲ. ಆದರೆ ಅಂದು ಬೆಳಿಗ್ಗೆ ಕಾಫಿ ತೆಳ್ಳಗಿತ್ತೋ ಏನೋ, ಅದು ಚುರುಕ್ಕೆಂದಿತು. ಅವನು ಮುಂದೆ ಬಂದು ಒಂದು ಐರನ್ ಕೈಗೆತ್ತಿಕೊಂಡು, ಮೊಟ್ಟೆ ಕೇಂದ್ರದ ಅಭ್ಯಾಸದಂತೆ ಕಿಟಕಿಯ ಬೆಳಕಿಗೆ ಹಿಡಿದ. ಒಂದು ಕಣ್ಣು ಮುಚ್ಚಿದ. ಮೆಲ್ಲಗೆ ತಿರುಗಿಸಿದ. ಅಷ್ಟರಲ್ಲಿ ತೆರೆದಿದ್ದ ಇನ್ನೊಂದು ಕಣ್ಣಿಗೆ, ಹಿಂದಿನ ಕಪಾಟಿನಲ್ಲಿ ನೇತಾಡುತ್ತಿದ್ದ ಪೊಟ್ಟಣದ ಮೇಲಿನ ಬರಹ ಕಂಡಿತು: ಎಲೆಕ್ಟ್ರಾನಿಕ್ ಕೆಲಸಕ್ಕೆ ತೆಳುವಾದ ಮೊನೆಯನ್ನೇ ಬಳಸಿರಿ.

“ಹೂಂ,” ಎಂದ ಐಸಾಕ್. “ಮೊನೆ ದಪ್ಪ ಆಯ್ತು. ಎಲೆಕ್ಟ್ರಾನಿಕ್ ಕೆಲ್ಸಕ್ಕೆ ಇದು ಆಗಲ್ಲ.”

ಬ್ಯಾಂಕ್ ಐಸಾಕ್ ಬೀಜ ಜಗಿಯುವುದನ್ನು ನಿಲ್ಲಿಸಿದ.

“ನಿಂಗೆ ಈ ಬೆಸುಗೆ ಕೆಲಸ ಎಲ್ಲಾ ಗೊತ್ತಾ ಐಸಾಕ್?” ಎಂದು ಏಬ್ ಕೇಳಿದ.

ಇಲ್ಲಿ ಐಸಾಕನಿಗೆ ಭಯವಾಯಿತು. ಭಯವಾದಾಗ ಅವನು ನಿಜ ಹೇಳುತ್ತಿದ್ದ. “ಅಯ್ಯೋ, ನಂಗೇನೂ ಗೊತ್ತಿಲ್ಲಪ್ಪ,” ಎಂದವನೇ ಇಲಿಬೋನನ್ನೂ ಮರೆತು ಹೊರಗೆ ನಡೆದ.

ಕೆಟ್ಟಿದ್ದು ಅಲ್ಲೇ. ಶೋನ್‌ಬಾಕಿನಲ್ಲಿ ಜಂಬಕ್ಕಿಂತ ದೊಡ್ಡ ಪಾಪವಿಲ್ಲ. ಊರಿನ ಅತ್ಯುತ್ತಮ ಬಡಗಿಯನ್ನು ಕೇಳಿನೋಡಿ, ‘ಮೊಳೆ ಹೊಡೆಯೋದು ಒಂಚೂರು ಬರತ್ತೆ’ ಎನ್ನುತ್ತಾನೆ. ಎಲ್ಲಕ್ಕಿಂತ ಮೊದಲು ಖಾಲಿಯಾಗುವ ಹಣ್ಣಿನ ಕೇಕು ಮಾಡುವವಳು ಅದನ್ನು ಮೇಜಿನ ಮೇಲಿಡುವಾಗ ‘ಈ ಸಲ ಪೂರ್ತಿ ಕೆಟ್ಟೋಯ್ತು’ ಎಂದೇ ಇಡುತ್ತಾಳೆ. ‘ನನಗೆ ಚೆನ್ನಾಗಿ ಬರುತ್ತದೆ’ ಎಂದವನ ಕೈಗೆ ಅಲ್ಲಿ ಕೋಳಿಗೂಡಿನ ಬೀಗವನ್ನೂ ಕೊಡುವುದಿಲ್ಲ. ಏನೂ ಗೊತ್ತಿಲ್ಲ ಎಂದವನು, ಅದರಲ್ಲೂ ಬೆವರುತ್ತ ಎಂದವನು, ಆ ವಿದ್ಯೆಯಲ್ಲಿ ಪಾರಂಗತ. ನೂರಾರು ವರ್ಷಗಳಿಂದ ಈ ಲೆಕ್ಕ ಸರಿಯಾಗಿಯೇ ನಡೆದುಕೊಂಡು ಬಂದಿತ್ತು. ಒಂದೇ ತೊಡಕೆಂದರೆ, ನಿಜವಾಗಿಯೂ ಏನೂ ಗೊತ್ತಿಲ್ಲದವನು ಏನು ಹೇಳಬೇಕು ಎಂಬುದಕ್ಕೆ ಊರು ಯಾವ ಏರ್ಪಾಡನ್ನೂ ಮಾಡಿರಲಿಲ್ಲ.

ಭಾನುವಾರ ಮಧ್ಯಾಹ್ನ ಫಾಸ್ಪಾ. ಎಂದರೆ ಜೋಡಿ ಬನ್ನು, ಚೀಸು, ಜಾಮು, ಕಾಫಿ, ಮತ್ತು ಕರೆಯದೆ ಬರುವ ನೆಂಟರು. ಜುಸ್ತೀನಾಳ ತಮ್ಮ ಕಾರ್ನೀ ಟೇವ್ಸ್ ಬಾಗಿಲು ತಟ್ಟದೆ ಒಳಗೆ ಬಂದು, ಟೋಪಿ ತೆಗೆಯುವುದಕ್ಕೂ ಮೊದಲೇ ಶುರುಮಾಡಿದ.

“ಏನ್ ಭಾವ, ನಮ್ ಹತ್ರಾನೂ ಬಚ್ಚಿಟ್ರಲ್ಲ!”

“ಏನನ್ನ?” ಎಂದ ಐಸಾಕ್.

“ಏನನ್ನ ಅಂತೆ! ಬ್ಯಾಂಕ್ ಐಸಾಕ್ ಹೇಳ್ದ. ಅಂಗ್ಡೀಲಿ ಐರನ್ನನ್ನ ಬೆಳಕಿಗೆ ಹಿಡಿದು, ಒಂದೇ ನೋಟದಲ್ಲಿ ತೆಗೆದು ಆ ಕಡೆ ಇಟ್ರಂತೆ. ಅವನ ಕೈಕಾಲು ತಣ್ಣಗಾಯ್ತಂತೆ.”

“ಕಾರ್ನೀ, ನಂಗೇನೂ ಗೊತ್ತಿಲ್ವೋ.”

“ಹಾಂ, ಇದನ್ನೂ ಹೇಳ್ದ. ಹೀಗೇ ಅಂದ್ರಂತೆ.”

ಜುಸ್ತೀನಾ ಕಾಫಿ ಕೆಟಲನ್ನು ಹಿಡಿದು ಬಂದಳು. “ಈ ಮನೇಲಿ ಬಲ್ಬು ಬದಲಾಯಿಸೋದು ನಾನು ಕಾರ್ನೀ.”

“ಅದೇ ಅಕ್ಕಾ ನಾನ್ ಹೇಳೋದು! ಮನೇಲೂ ತೋರಿಸ್ಕೊಂಡಿಲ್ಲ ಮನುಷ್ಯ!”

ಅಷ್ಟರಲ್ಲೇ ಪಾಸ್ಟರ್ ಲೋವೆನ್ ಮತ್ತು ಚರ್ಚಿನಲ್ಲಿ ಆರ್ಗನ್ ನುಡಿಸುವ ಹಿಲ್ಡಾ ಪೆನ್ನರ್ ಒಳಗೆ ಬಂದರು. ಹಿಲ್ಡಾ ಕೂರಲಿಲ್ಲ. ಅವಳು ಕೂರುವುದು ಆರ್ಗನ್ನಿನ ಮುಂದೆ ಮಾತ್ರ ಎಂಬ ಮಾತು ಊರಲ್ಲಿತ್ತು. ಆ ಹಳೆಯ ಎಲೆಕ್ಟ್ರಾನಿಕ್ ಆರ್ಗನ್ನಿನ ಎಡಗೈ ಕಡೆಯ ಸ್ವರದ ಮನೆಗಳೆಲ್ಲ ಮೂಕವಾಗಿದ್ದವು. ಮೊದಲು ಬರುತ್ತಿದ್ದ ವಿನ್ನಿಪೆಗ್ಗಿನ ರಿಪೇರಿಯವನು ಚಳಿಗೆ ಹೆದರಿ ಅರಿಜೋನಾ ಸೇರಿದ್ದ. ಮುಂದಿನ ಭಾನುವಾರವೇ ಸುಗ್ಗಿಯ ಆರಾಧನೆ.

“ಹಿಂದಿನ ಹಲಗೆ ಬಿಚ್ಚಿ ನೋಡ್ದೆ,” ಎಂದಳು ಹಿಲ್ಡಾ. “ಒಂದೇ ಒಂದು ತಂತಿ ಕಿತ್ಕೊಂಡು ಬಂದಿದೆ. ಬೆಸುಗೆ ಹಾಕಿದ್ರೆ ಆಯ್ತು. ನಿಮಗೆ ಬರತ್ತೋ ಇಲ್ವೋ, ಅದನ್ನ ಹೇಳಿ ಸಾಕು.”

“ಬರಲ್ಲ,” ಎಂದ ಐಸಾಕ್.

“ನೋಡಿದ್ಯಾ ಹಿಲ್ಡಾ?” ಎಂದು ಪಾಸ್ಟರ್ ಮುಖ ಅರಳಿಸಿದರು. “ಬೆಸುಗೆ ಐಸಾಕ್ ಊರಲ್ಲಿರೋವಾಗ ನಮಗೇನು ಚಿಂತೆ ಅಂತ ನಾನು ದಾರಿ ಉದ್ದಕ್ಕೂ ಹೇಳ್ಕೊಂಡು ಬಂದೆ.”

ಬೆಸುಗೆ ಐಸಾಕ್! ಜುಸ್ತೀನಾ ಬಗ್ಗಿಸುತ್ತಿದ್ದ ಕಾಫಿ ಕಾರ್ನೀಯ ಬಟ್ಟಲನ್ನು ತುಂಬಿ, ಬಸಿಯನ್ನು ತುಂಬಿ, ಮೇಜುಬಟ್ಟೆಯ ಮೇಲೆ ಹರಿಯಿತು. ಅವಳು ಆರನೇ ಐಸಾಕನೊಬ್ಬ ಬಂದಿರಬಹುದೆಂದು ಹಿಂತಿರುಗಿ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಅಂದು ಪಾಸ್ಟರಿಗೆ ಹಣ್ಣಿನ ಕೇಕಿನ ಎಲ್ಲಕ್ಕಿಂತ ದೊಡ್ಡ ತುಂಡು ಸಂದಿತು.

ಸೋಮವಾರ ಬೆಳಿಗ್ಗೆ ಐಸಾಕ್ ಫೋನು ಕೈಗೆತ್ತಿಕೊಂಡ. ನಡೆದದ್ದೆಲ್ಲವನ್ನೂ ಪೊಟ್ಟಣದ ಬರಹದ ಸಮೇತ ಪಾಸ್ಟರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುವ ತೀರ್ಮಾನ ಮಾಡಿದ್ದ. ಅಷ್ಟರಲ್ಲಿ ಜುಸ್ತೀನಾ ದಿನಸಿ ಅಂಗಡಿಯಿಂದ ಬಂದಳು. ಕೋಟನ್ನು ಮೊಳೆಗೆ ಹಾಕುತ್ತ ಏನೋ ಗುನುಗುತ್ತಿದ್ದಳು. ಗುನುಗುವುದು ಅವಳ ಜಾಯಮಾನವಲ್ಲ.

“ಏನಾಯ್ತು?”

“ಏನಿಲ್ಲ. ಅಂಗಡಿ ಹುಡುಗಿ ಸಾಮಾನು ಕಟ್ಟುವಾಗ, ‘ಬೆಸುಗೆ ಐಸಾಕನ ಜುಸ್ತೀನಾ ಅಲ್ವಾ?’ ಅಂದ್ಲು.” ಅವಳು ಚೀಲದಿಂದ ಚೀಸು ತೆಗೆದಳು. ವಾಡಿಕೆಯ ಹಳದಿ ಚೀಸಲ್ಲ, ಸುತ್ತ ಕೆಂಪು ಮೇಣ ಹಚ್ಚಿದ, ಹಬ್ಬಕ್ಕೂ ತಾರದ ಚೀಸು. “ಹೌದು ಅಂದೆ.”

ಐಸಾಕ್ ಫೋನನ್ನು ಕೆಳಗಿಟ್ಟ. ಆ ಚೀಸನ್ನು ನೋಡಿದ ಮೇಲೆ ನಿಜ ಹೇಳುವುದು ಅವನಿಂದಾಗಲಿಲ್ಲ. ಆದರೆ ಬೆಸುಗೆ ಹಾಕುವುದೂ ಅವನಿಂದಾಗದು. ಇವೆರಡರ ನಡುವೆ ಮನುಷ್ಯನಿಗೆ ಉಳಿಯುವುದು ಕಾಲಹರಣವೊಂದೇ. ಮಧ್ಯಾಹ್ನ ಹಿಲ್ಡಾ ಫೋನು ಮಾಡಿ ಯಾವಾಗ ಬರುತ್ತೀರಿ ಎಂದು ಗದರಿದಾಗ ಅವನು, “ಮೊದಲು ಸರಿಯಾದ ಐರನ್ ಆರಿಸ್ಬೇಕು,” ಎಂದ. ಈ ಮಾತು ಅರ್ಧ ಗಂಟೆಯಲ್ಲಿ ಊರು ಸುತ್ತಿ ಬಂತು. ಕಂಡಕಂಡ ಐರನ್ನನ್ನು ಮುಟ್ಟುವವನಲ್ಲ ಎಂದು ಜನ ತಲೆದೂಗಿದರು.

ಮೊದಲು ಬಂದವನು ಕಾರ್ನೀ. ಅವನಜ್ಜ ಹಾಲಿನ ಕ್ಯಾನುಗಳ ತೂತು ಮುಚ್ಚುತ್ತಿದ್ದ ತಾಮ್ರದ ಐರನ್ನನ್ನು ಎರಡೂ ಕೈಯಲ್ಲಿ ಹೊತ್ತು ತಂದಿದ್ದ. ಅದನ್ನು ಒಲೆಯಲ್ಲಿಟ್ಟು ಕಾಯಿಸಬೇಕು. ತಲೆಯ ಮೇಲೆ ಬಿದ್ದರೆ ಹೇಳಹೆಸರಿಲ್ಲ.

“ಇದು ನೋಡಿ ಭಾವ! ಈಗಿನವೆಲ್ಲ ಹಲ್ಲು ಚುಚ್ಚೋ ಕಡ್ಡಿ. ಇದ್ರಲ್ಲಿ ದಮ್ಮಿದೆ!”

“ಆರ್ಗನ್ ಒಳಗೆ ಇದು ಹಿಡಿಸಲ್ಲ ಕಾರ್ನೀ,” ಎಂದ ಐಸಾಕ್. ಅದು ಕುರುಡನಿಗೂ ಕಾಣುವ ಸಂಗತಿ. ಆದರೂ ಕಾರ್ನೀ ಆ ಮಾತನ್ನು ಜೋಪಾನವಾಗಿ ಮನೆಗೆ ಒಯ್ದು ಹೆಂಡತಿಗೆ ಹೇಳಿದ.

ಏಬನ ಅಂಗಡಿಯಲ್ಲಿ ದಿನವೂ ಜನ ಸೇರತೊಡಗಿದರು. ನೆಲದ ಮೇಲೆ ಸೂರ್ಯಕಾಂತಿ ಬೀಜದ ಸಿಪ್ಪೆ ಪಾದ ಮುಳುಗುವಷ್ಟಾಯಿತು. ಏಬ್ ಮೊದಲು ಕುದುರೆ ಲಾಳದಷ್ಟು ಅಗಲದ ಪಿಸ್ತೂಲಿನಾಕಾರದ ಐರನ್ ತೆಗೆದ. ಇನ್ನೂರು ವಾಟ್! ಗಂಡಸರು ಮುಂದೆ ಬಾಗಿದರು. ಅವರಿಗೆ ವಾಟ್ ಎಂದರೆ ಟ್ರಾಕ್ಟರಿನ ಅಶ್ವಶಕ್ತಿ ಇದ್ದ ಹಾಗೆ, ಹೆಚ್ಚಾದಷ್ಟೂ ಮರ್ಯಾದೆ. ಐಸಾಕ್ ಅದನ್ನು ಬೆಳಕಿಗೆ ಹಿಡಿದು, ಪೊಟ್ಟಣದ ಹಿಂಬದಿಯನ್ನು ಓರೆಗಣ್ಣಿನಲ್ಲಿ ಓದಿ, “ಕಾವು ಜಾಸ್ತಿ. ಸಣ್ಣ ಸಾಮಾನೆಲ್ಲ ಸುಟ್ಟೋಗತ್ತೆ,” ಎಂದ. ಏಬ್ ಹದಿನೈದು ವಾಟಿನ, ಪೆನ್ಸಿಲಿನಂಥ ಐರನ್ ತೆಗೆದ. “ಕಾವು ಸಾಲ್ದು. ಬೆಸುಗೆ ಹಿಡಿಯಲ್ಲ,” ಎಂದು ಅದರ ಪೊಟ್ಟಣವೇ ಹೇಳಿತು, ಐಸಾಕ್ ಅದಕ್ಕೆ ಬಾಯಿ ಕೊಟ್ಟ. ಮೂರನೆಯದು ವಿನ್ನಿಪೆಗ್ಗಿನಿಂದ ತರಿಸಿದ್ದು. ಅದಕ್ಕೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಗುಂಡಿ, ಗುಂಡಿ ತಿರುಗಿಸಿದರೆ ಕಾವು ಏರುತ್ತದೆ ಇಳಿಯುತ್ತದೆ.

“ಇದ್ರಲ್ಲಿ ಎಷ್ಟು ಬೇಕೋ ಅಷ್ಟೇ ಕಾವು,” ಎಂದ ಏಬ್. “ಎಷ್ಟಕ್ಕೆ ಇಡ್ತೀಯ ಐಸಾಕ್?”

ಪೊಟ್ಟಣದ ಮೇಲೆ ಈ ಬಗ್ಗೆ ಏನೂ ಇರಲಿಲ್ಲ. “ಗೊತ್ತಿಲ್ಲ,” ಎಂದ ಐಸಾಕ್. ಅವನ ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು.

ಬ್ಯಾಂಕ್ ಐಸಾಕ್ ಪಕ್ಕದವನ ಕಿವಿಯಲ್ಲಿ, “ಅವ್ನಿಗೆ ಗುಂಡಿ ಬೇಕಾಗಿಲ್ಲ. ಕೈಯಲ್ಲೇ ಅಂದಾಜಿದೆ,” ಎಂದ. ಆ ಐರನ್ನೂ ಹಿಂದಕ್ಕೆ ಹೋಯಿತು.

“ನೀನು ‘ಹೂಂ’ ಅಂದಿದ್ದನ್ನ ಈ ಊರಲ್ಲಿ ಒಬ್ನೂ ಕೊಳ್ಳಲ್ಲ ಮಾರಾಯ,” ಎಂದು ಏಬ್ ಗೋಳಿಟ್ಟ. “ನಿನ್ನೆ ಸುತ್ತಿಗೆಗೂ ‘ಹೂಂ’ ಅಂದ್ಯಂತೆ. ಅದೂ ಹೋಗ್ತಿಲ್ಲ.”

ಗುರುವಾರದ ಹೊತ್ತಿಗೆ ಐಸಾಕನಿಗೆ ಒಂದು ಉಪಾಯ ಹೊಳೆಯಿತು. ಗುರುತಿಲ್ಲದ ಊರಿಗೆ ಹೋಗಿ, ಗುರುತಿಲ್ಲದವರ ಹತ್ತಿರ, ನಾಚಿಕೆ ಬಿಟ್ಟು ಎಲ್ಲವನ್ನೂ ಕೇಳಿ ಕಲಿತು ಬಂದುಬಿಡುವುದು. ದೂರದ ಊರೊಂದರ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದ. ಕೌಂಟರಿನಲ್ಲಿ ಕೂದಲಿಗೆ ನೇರಳೆ ಬಣ್ಣ ಹಚ್ಚಿದ ಹುಡುಗಿಯೊಬ್ಬಳಿದ್ದಳು.

“ನಂಗೊಂದು ಸೋಲ್ಡರಿಂಗ್ ಐರನ್ ಬೇಕಮ್ಮ. ಹಿಡಿಯೋದು ಯಾವ ಕಡೆ?”

ಹುಡುಗಿ ನಕ್ಕಳು. “ತಣ್ಣಗಿರೋ ಕಡೆ ತಾತ.”

“ಯಾವುದು ತಣ್ಣಗಿರತ್ತೆ?”

ಅವಳು ಇನ್ನೂ ಜೋರಾಗಿ ನಕ್ಕಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿ ತಾಳ್ಮೆಯಿಂದ ಹೇಳಿಕೊಟ್ಟಳು. ಗುಂಡಿ ಇರುವುದನ್ನೇ ತಗೊಳ್ಳಿ, ಕಾವು ಮುನ್ನೂರೈವತ್ತಕ್ಕಿಡಿ. ಮೊನೆ ಸಣ್ಣಗಿರಲಿ, ಆದರೆ ಸೂಜಿಯಷ್ಟಲ್ಲ. ಒದ್ದೆ ಸ್ಪಂಜಿಗೆ ಒರೆಸಿಕೊಳ್ಳುತ್ತಿರಿ. ಸೋಲ್ಡರನ್ನು, ಎಂದರೆ ಬೆಸೆಯುವ ಲೋಹದ ಎಳೆಯನ್ನು, ಮೊನೆಗೆ ಮೆತ್ತಬೇಡಿ, ಮೊದಲು ತಂತಿಯನ್ನು ಕಾಯಿಸಿ, ತಂತಿಯೇ ಸೋಲ್ಡರನ್ನು ಕರಗಿಸಲಿ. ಐಸಾಕ್ ಪ್ರತಿಯೊಂದಕ್ಕೂ ‘ಯಾಕೆ?’ ಎಂದು ಕೇಳಿದ. ಪ್ರತಿಯೊಂದು ಉತ್ತರಕ್ಕೂ ತಲೆಯಾಡಿಸಿದ. ಅವಳು ಕೊಟ್ಟದ್ದನ್ನೇ ಕೊಂಡು, ಬಹಳ ಹಗುರಾದ ಮನಸ್ಸಿನಿಂದ ಹೊರಗೆ ಬಂದ.

ಬ್ಯಾಟರಿಗಳ ಸಾಲಿನ ಹಿಂದೆ ಬ್ಯಾಂಕ್ ಐಸಾಕ್ ನಿಂತಿದ್ದು ಅವನಿಗೆ ಕಾಣಲಿಲ್ಲ.

“ಪರೀಕ್ಷೆ!” ಎಂದು ಬ್ಯಾಂಕ್ ಐಸಾಕ್ ಸಂಜೆ ಏಬನ ಅಂಗಡಿಯಲ್ಲಿ ವರದಿ ಒಪ್ಪಿಸಿದ. “ಆ ಹುಡುಗೀನ ಕೌಂಟರ್ ಮುಂದೆ ನಿಲ್ಲಿಸ್ಕೊಂಡು ಪರೀಕ್ಷೆ ಮಾಡ್ದ. ಒಂದಾದ್ಮೇಲೊಂದು ಪ್ರಶ್ನೆ! ಮೊದಲ್ನೇದು, ಹಿಡಿಯೋದು ಯಾವ ಕಡೆ? ಅಷ್ಟು ಬುಡದಿಂದ ಶುರು ಮಾಡ್ದ! ಅವಳು ಮೊದಮೊದಲು ನಕ್ಕಳು, ಆಮೇಲೆ ನಗು ಹಾರಿಹೋಯ್ತು. ಕೊನೆಗೆ ಅವಳು ಹೇಳಿದ್ದನ್ನೇ ಕೊಂಡ. ಪಾಪ, ಚಿಕ್ಕ ಹುಡುಗಿ, ಬೇಜಾರಾಗ್ಬಾರ್ದು ಅಂತ.”

“ನನ್ನ ಬೇಜಾರು ಯಾರು ಕೇಳ್ತಾರೆ?” ಎಂದ ಏಬ್. ಅವನು ತರಿಸಿದ್ದ ಗುಂಡಿಯ ಐರನ್ನೂ ಅದೇ ಜಾತಿಯದು.

ಶನಿವಾರ ಚರ್ಚಿನಲ್ಲಿ ಹೆಂಗಸರು ಸುಗ್ಗಿಯ ಅಲಂಕಾರಕ್ಕೆ ಸೇರಿದ್ದರು. ಪಾಸ್ಟರ್ ಪ್ರಸಂಗ ಮಾಡುವ ಪೀಠದ ಮುಂದೆ ಕುಂಬಳಕಾಯಿ, ಮುಸುಕಿನ ಜೋಳ, ಬೀಟ್‌ರೂಟು, ಸಾಲಾಗಿ ಉಪ್ಪಿನಕಾಯಿಯ ಜಾಡಿಗಳು. ಅಲಂಕಾರಕ್ಕೆ ಅಷ್ಟು ಜನ ಬೇಕಿರಲಿಲ್ಲ, ಗಂಡಸರಂತೂ ಬೇಕಿರಲೇ ಇಲ್ಲ. ಆದರೂ ಎಲ್ಲರೂ ಬಂದಿದ್ದರು. ಜುಸ್ತೀನಾ ತನ್ನ ಒಳ್ಳೆಯ ಕೋಟು ತೊಟ್ಟು ಮುಂದಿನ ಬೆಂಚಿನಲ್ಲಿ ಕುಳಿತಿದ್ದಳು. ನಲವತ್ತು ವರ್ಷ ಅವಳು ಕೂತದ್ದು ಹಿಂದಿನ ಬೆಂಚಿನಲ್ಲಿ.

ಹಿಲ್ಡಾ ಆರ್ಗನ್ನಿನ ಹಲಗೆ ಬಿಚ್ಚಿ ಟಾರ್ಚು ಹಿಡಿದಳು. ಒಳಗೆ ಬಣ್ಣಬಣ್ಣದ ತಂತಿಗಳು. ಕಿತ್ತುಬಂದದ್ದು ನೀಲಿಯದು. ಅದು ಎಲ್ಲಿಂದ ಬಂತೆಂದು ಐಸಾಕ್ ಹುಡುಕಿದ. ಅದು ಬರಬಹುದಾಗಿದ್ದ ಜಾಗಗಳು ಬಹಳ ಇದ್ದವು. ಅವನ ಬೆನ್ನ ಹಿಂದೆ ಯಾರೋ ಶ್ಶ್ ಎಂದರು.

ಐಸಾಕ್ ಐರನ್ನನ್ನು ಸ್ಟ್ಯಾಂಡಿಗಿಟ್ಟು ಎದ್ದು ನಿಂತು ಜನರ ಕಡೆ ತಿರುಗಿದ.

“ನೋಡಿ, ಒಂದು ಮಾತು ಹೇಳ್ತೀನಿ,” ಎಂದ. “ನಾನು ಈ ಸಾಮಾನನ್ನ ಜೀವಮಾನದಲ್ಲಿ ಮುಟ್ಟಿದೋನಲ್ಲ. ಅಂಗಡೀಲಿ ಹೇಳಿದ್ದೆಲ್ಲ ಪೊಟ್ಟಣದ ಮೇಲೆ ಓದಿ ಹೇಳಿದ್ದು. ಕಲಿಸಿಕೊಟ್ಟೋಳು ಆ ನೇರಳೆ ಕೂದಲಿನ ಹುಡುಗಿ, ಮೊನ್ನೆ ಗುರುವಾರ. ನನ್ನ ಕೈಯಲ್ಲಿ ಇದು ಕೆಟ್ಟುಹೋಗತ್ತೆ. ದಯವಿಟ್ಟು ಬೇರೆ ಯಾರನ್ನಾದ್ರೂ ಕರೀರಿ.”

ಮರುಮದುವೆ ಐಸಾಕನ ಎರಡನೇ ಹೆಂಡತಿ ಕರವಸ್ತ್ರ ಹೊರತೆಗೆದಳು. ಉದ್ದ ಐಸಾಕ್ ಮೂಗು ಒರೆಸಿಕೊಂಡ. ತನ್ನ ವಿದ್ಯೆಯನ್ನೆಲ್ಲ ಒಬ್ಬ ಅಂಗಡಿ ಹುಡುಗಿಯ ಹೆಸರಿಗೆ ಬರೆದುಕೊಟ್ಟ ಮನುಷ್ಯನನ್ನು ಶೋನ್‌ಬಾಕ್ ಇದುವರೆಗೆ ಕಂಡಿರಲಿಲ್ಲ.

“ನಾಳೆ ಪ್ರಸಂಗಕ್ಕೆ ಬೇರೆ ಏನೋ ಬರ್ದಿದ್ದೆ,” ಎಂದರು ಪಾಸ್ಟರ್. “ಹರಿದು ಹಾಕ್ತೀನಿ. ಶುರು ಮಾಡಪ್ಪ ಐಸಾಕ್.”

ಅವನು ಶುರು ಮಾಡಿದ. ಕರಗಿದ ಸೋಲ್ಡರಿನ ಮೊದಲ ಹನಿ ಅವನ ಬೂಟಿನ ಮೇಲೆ ಬಿತ್ತು. ಎರಡನೆಯದು ಆರ್ಗನ್ನಿನೊಳಗೆ, ಎಲ್ಲಿಗೆಂದು ದೇವರಿಗೇ ಗೊತ್ತು. ಮೂರನೆಯ ಸಲ ಅವನು ಹಿಡಿಯಬಾರದ ಕಡೆ ಹಿಡಿದ. ಅಯ್ಯೋ ಎಂದು ಕೂಗುತ್ತ ಓಡಿ, ಎದುರಿಗಿದ್ದ ಸೌತೆಕಾಯಿ ಉಪ್ಪಿನಕಾ­ಯಿಯ ಜಾಡಿಯೊಳಕ್ಕೆ ಬೆರಳು ಅದ್ದಿದ. ಉಪ್ಪೂ ಹುಳಿಯೂ ಸುಟ್ಟ ಗಾಯಕ್ಕೆ ತಾಗಿ ಮೊದಲಿಗಿಂತ ಜೋರಾಗಿ ಕೂಗಿದ. ಆದರೂ ವಾಪಸು ಬಂದ. ಕೊನೆಗೆ ನೀಲಿ ತಂತಿ ಎಲ್ಲೋ ಒಂದು ಕಡೆ ಅಂಟಿ ನಿಂತಿತು. ಹಿಲ್ಡಾ ಸ್ವಿಚ್ಚು ಒತ್ತಿದಳು.

ಒಳಗೆ ನೀಲಿಯಾಗಿ ಒಂದು ಮಿಂಚು. ಚಟ್ ಎಂಬ ಸದ್ದು. ಸಣ್ಣಗೆ ಹೊಗೆ. ಹಿಲ್ಡಾ ಎಡಗಡೆ ನುಡಿಸಿದಳು, ಬಲಗಡೆ ನುಡಿಸಿದಳು, ಕಾಲಿನಲ್ಲೂ ಒತ್ತಿದಳು.

“ಅರ್ಧ ಸತ್ತಿತ್ತು,” ಎಂದಳು. “ಈಗ ಪೂರ್ತಿ ಸತ್ತಿದೆ. ಈ ಮನುಷ್ಯನಿಗೆ ಏನೂ ಬರಲ್ಲ!”

“ಅದನ್ನೇ ನಾನು ಹೇಳಿದ್ದು!” ಎಂದ ಐಸಾಕ್. ಇಡೀ ಊರಿನಲ್ಲಿ ತನ್ನನ್ನು ನಂಬಿದ ಒಂದೇ ಜೀವವನ್ನು ಅವನು ಅಪ್ಪಿಕೊಳ್ಳುವುದೊಂದು ಬಾಕಿ.

ಉಳಿದವರು ಹಿಲ್ಡಾಳ ಕಡೆ ಬೇಸರದಿಂದ ನೋಡಿದರು. ಅಷ್ಟು ಒಳ್ಳೆಯ ಮನುಷ್ಯನ ಬಗ್ಗೆ, ಅದೂ ಚರ್ಚಿನೊಳಗೆ, ಅಂಥ ಮಾತು!

ಭಾನುವಾರ ಆರ್ಗನ್ ಇಲ್ಲದೆಯೇ ಹಾಡಬೇಕಾಯಿತು. ಅವರ ಅಜ್ಜಂದಿರು ವಾದ್ಯವನ್ನು ಚರ್ಚಿನ ಹೊಸ್ತಿಲು ದಾಟಲು ಬಿಟ್ಟವರಲ್ಲ. ಬರಿಯ ಕೊರಳಿನಲ್ಲಿ, ನಾಲ್ಕು ಬೇರೆಬೇರೆ ಧ್ವನಿಗಳಲ್ಲಿ ಒಟ್ಟಿಗೆ ಹಾಡುತ್ತಿದ್ದವರು. ಆ ಅಭ್ಯಾಸ ಎಲ್ಲಿತ್ತೋ ಏನೋ, ಮೊದಲನೇ ಸಾಲಿಗೇ ಎದ್ದು ಬಂತು. ಗಂಡಸರ ದಪ್ಪ ಧ್ವನಿ ಕೆಳಗೆ ಹಾಸಿತು, ಹೆಂಗಸರ ಧ್ವನಿ ಅದರ ಮೇಲೆ ಏರಿತು. ಇಷ್ಟು ದಿನ ಆರ್ಗನ್ನಿನ ಮರೆಯಲ್ಲಿ ಬಾಯಾಡಿಸುತ್ತಿದ್ದವರೂ ಹಾಡಿದರು. ಚೆನ್ನಾಗಿತ್ತು. ಯಾರನ್ನೂ ಹಾಸ್ಯ ಮಾಡದೆ ಹೇಳಬೇಕೆಂದರೆ, ಬಹಳ ಚೆನ್ನಾಗಿತ್ತು. ಮುದುಕರು ಕಣ್ಣೊರೆಸಿಕೊಂಡರು. ಹಿಲ್ಡಾ ಕೈ ಕಟ್ಟಿಕೊಂಡು, ಹಲ್ಲು ಕಚ್ಚಿಕೊಂಡು ಕೂತಿದ್ದಳು.

ಪಾಸ್ಟರ್ ಎದ್ದು ನಿಂತರು. “ನಮ್ಮಲ್ಲೊಬ್ಬನಿಗೆ ಇದು ಮೊದಲೇ ಗೊತ್ತಿತ್ತು. ಅವನು ಆ ಆರ್ಗನ್ನನ್ನ ಸರಿಮಾಡಬಹುದಾಗಿತ್ತು. ಬೆರಳು ಸುಟ್ಟುಕೊಂಡ, ಹೆಸರು ಕೆಡಿಸಿಕೊಳ್ಳೋಕೂ ಒಪ್ಪಿದ, ಆದ್ರೆ ನಮಗೆ ನಮ್ಮ ಧ್ವನಿ ವಾಪಸು ಕೊಟ್ಟ.”

“ಪಾಸ್ಟರೇ, ಹಾಗಲ್ಲ,” ಎಂದು ಐಸಾಕ್ ಎದ್ದೇ ಬಿಟ್ಟ. “ನಂಗೆ ನಿಜವಾಗ್ಲೂ ಬರಲ್ಲ!”

ಹಿಂದಿನ ಬೆಂಚಿನಿಂದ ಬ್ಯಾಂಕ್ ಐಸಾಕ್ ಅವನ ಕೋಟು ಹಿಡಿದು ಕೆಳಗೆಳೆದ. “ಸಾಕು ಕೂತ್ಕೊಳ್ಳೋ ಮಾರಾಯ. ಇಷ್ಟೊಂದು ವಿನಯ ಮೈಗೆ ಒಳ್ಳೇದಲ್ಲ.”

ಮನೆಗೆ ಬಂದು ಐಸಾಕ್ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದ. ಬೆರಳಿಗೆ ಬಟ್ಟೆ ಸುತ್ತಿತ್ತು. ಜುಸ್ತೀನಾ ಫಾಸ್ಪಾಕ್ಕೆ ಬನ್ನು ಜೋಡಿಸುತ್ತಿದ್ದಳು.

“ರೀ,” ಎಂದಳು. “ನಿಮಗೇನೂ ಬರಲ್ಲ ಅಂತ ನಂಗೊತ್ತು.”

ಐಸಾಕನಿಗೆ ಅಳುವೇ ಬಂತು. “ದೇವ್ರು ದೊಡ್ಡೋನು! ನೀನಾದ್ರೂ ಅವ್ರಿಗೆ ಹೇಳು ಜುಸ್ತೀನಾ. ನೀನು ಹೇಳಿದ್ರೆ ನಂಬ್ತಾರೆ. ಈಗ್ಲೇ ಕಾರ್ನೀಗೆ ಫೋನ್ ಮಾಡು.”

ಜುಸ್ತೀನಾ ಕೈಯಲ್ಲಿದ್ದ ಬನ್ನನ್ನು ಕೆಳಗಿಟ್ಟಳು.

“ನಲವತ್ತು ವರ್ಷ ಆ ಚರಂಡೀಲಿ ನಿಮ್ಮ ಪಕ್ಕ ಕೂತಿದ್ದೆ. ಒಂದು ದಿನ ಒಂದು ಮಾತು ಅಂದಿಲ್ಲ. ನೀವು ಬೀಳೋವಾಗ ನಾನು ಆ ಟ್ರಾಕ್ಟರ್ ಮೇಲೆ ಇರ್ಲೂ ಇಲ್ಲ.”

ಇದು ಅವನಿಗೆ ನಲವತ್ತು ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ.

ಬಾಗಿಲು ಸದ್ದಾಯಿತು. ಬ್ಯಾಂಕ್ ಐಸಾಕ್ ನಿಂತಿದ್ದ, ಕಂಕುಳಲ್ಲಿ ಅಪ್ಪನ ರೇಡಿಯೋ. “ಭಾನುವಾರ ತೊಂದ್ರೆ ಕೊಡ್ಬಾರ್ದು,” ಎಂದು ಶುರುಮಾಡಿದ. ಐಸಾಕ್ ನಿಜ ಹೇಳಲು ಬಾಯಿ ತೆರೆದ. ಜುಸ್ತೀನಾ ಕೈ ಒರೆಸಿಕೊಳ್ಳುತ್ತ ಅವನನ್ನು ದಾಟಿ ಹೋಗಿ ರೇಡಿಯೋವನ್ನು ಎರಡೂ ಕೈಯಲ್ಲಿ ಇಸಕೊಂಡಳು.

“ಇಟ್ಟು ಹೋಗಿ. ಆದ್ರೆ ಆಯ್ತು, ಆಗದಿದ್ರೆ ಇಲ್ಲ,” ಎಂದಳು. “ನಮ್ಮನೆಯವರಿಗೆ ಅಷ್ಟೇನೂ ಬರಲ್ಲ.”

ಬ್ಯಾಂಕ್ ಐಸಾಕ್ ಟೋಪಿ ತೆಗೆದು ಬಗ್ಗಿ ವಂದಿಸಿ ಹೊರಟುಹೋದ.

ಜುಸ್ತೀನಾ ಬಾಗಿಲು ಮುಚ್ಚಿದಳು. ಆಮೇಲೆ ಚಿಲಕ ಹಾಕಿದಳು, ಕಿಟಕಿಯ ಪರದೆಗಳನ್ನೂ ಎಳೆದಳು. ಭಾನುವಾರ ಕೆಲಸ ಮಾಡುವುದು ಶೋನ್‌ಬಾಕಿನಲ್ಲಿ ತಪ್ಪು. ಫಾಸ್ಪಾದ ಹೊತ್ತಿಗೆ ನೆಂಟರ ಮುಖಕ್ಕೆ ಚಿಲಕ ಹಾಕುವುದು ಅದಕ್ಕಿಂತ ದೊಡ್ಡ ತಪ್ಪು, ಅದನ್ನು ಮಾಡಿದವರು ಈವರೆಗೆ ಯಾರೂ ಇರಲಿಲ್ಲ. ಅವಳು ಬನ್ನಿನ ತಟ್ಟೆಯನ್ನು ಸರಿಸಿ ರೇಡಿಯೋವನ್ನು ಮೇಜಿನ ಮೇಲಿಟ್ಟು, ಐರನ್ನಿನ ಪೆಟ್ಟಿಗೆಯಿಂದ ಬಳಸುವ ಕ್ರಮ ಬರೆದ ಮಡಚಿದ ಕಾಗದ ತೆಗೆದು, ಕನ್ನಡಕ ಏರಿಸಿಕೊಂಡಳು.

“ಬನ್ನಿ, ಕೂತ್ಕೊಳ್ಳಿ,” ಎಂದಳು. “ನಾನು ಓದ್ತೀನಿ. ನೀವು ಮಾಡಿ.”

ಹೊರಗೆ ಕಾರ್ನೀ ಹೆಂಡತಿಯೊಂದಿಗೆ ಬಂದು ಬಾಗಿಲು ನೂಕಿದ. ಅದು ತೆರೆಯಲಿಲ್ಲ. ಒಳಗಿನಿಂದ ಸುಟ್ಟ ವಾಸನೆ ಬರುತ್ತಿತ್ತು, ಅಕ್ಕನ ಗದರಿಕೆಯೂ ಕೇಳುತ್ತಿತ್ತು. ಅವರಿಬ್ಬರೂ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತಿದ್ದು, ತಂದಿದ್ದ ಜಾಮಿನ ಶೀಶೆಯನ್ನು ಬಾಗಿಲ ಬಳಿ ಇಟ್ಟು, ಸದ್ದಾಗದಂತೆ ಹೊರಟುಹೋದರು.